ಗೇಮ್ ಸರ್ವರ್ ತಾನಾಗಿ ಅಪ್‌ಡೇಟ್ ಆಗದಿದ್ದಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕ್ರಮ

ಸಕಲೇಶಪುರದ ನಮ್ಮ ಮನೆಯ ಹಿಂಬದಿ ಕೋಣೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದು ಹಗಲೂ ರಾತ್ರಿ ಓಡುತ್ತಿರುತ್ತದೆ. ಅದರಲ್ಲಿರುವುದು ಉಬುಂಟು ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ ಮತ್ತು ವಾಲ್‌ಹೈಮ್ ಆಟದ ಡೆಡಿಕೇಟೆಡ್ ಸರ್ವರ್, ಅಂದರೆ ಹಲವರು ಕೂಡಿ ಆಡುವ ಪ್ರಪಂಚವನ್ನು ನಡೆಸುವುದಕ್ಕೇ ಮೀಸಲಾದ ತಂತ್ರಾಂಶ. ಹಾಸನ, ಬೇಲೂರು, ಮೂಡಿಗೆರೆಗಳಲ್ಲಿ ಹಂಚಿಹೋಗಿರುವ ಏಳೆಂಟು ಗೆಳೆಯರು ರಾತ್ರಿ ಊಟವಾದ ಮೇಲೆ ಅದರಲ್ಲಿ ಸೇರುತ್ತಾರೆ. ಆಟಕ್ಕೆ ಹೊಸ ಆವೃತ್ತಿ ಬಂದ ದಿನ ಅವರವರ ಮನೆಯ ಕಂಪ್ಯೂಟರಿನಲ್ಲಿ ಅದು ತಾನಾಗಿ ಇಳಿದಿರುತ್ತದೆ. ಸರ್ವರ್ ಮಾತ್ರ ಹಿಂದೆ ಉಳಿದರೆ ಒಬ್ಬರಿಗೂ ಒಳಗೆ ಹೋಗಲಾಗುವುದಿಲ್ಲ. ಅಂಥ ರಾತ್ರಿಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ವಾಲ್‌ಹೈಮ್‌ನವಾದರೂ ಸ್ಟೀಮ್ ಎಂಬ ಆಟಗಳ ಅಂಗಡಿಯ ಆಜ್ಞಾಸಾಲಿನ ಉಪಕರಣವಾದ ಸ್ಟೀಮ್‌ಸಿಎಂಡಿ ಮೂಲಕ ಅಪ್‌ಡೇಟ್ ಆಗುವ ಬಹುತೇಕ ಸರ್ವರ್‌ಗಳಿಗೆ ಈ ಕ್ರಮ ಹೊಂದುತ್ತದೆ.

ತಾನಾಗಿ ಅಪ್‌ಡೇಟ್ ಆಗುವುದು ಒಂದೇ ಕೆಲಸದಂತೆ ಕೇಳಿಸಿದರೂ ಅದರೊಳಗೆ ನಾಲ್ಕು ಕೊಂಡಿಗಳಿವೆ. ನಿಗದಿತ ಹೊತ್ತಿಗೆ ಯಾವುದೋ ಒಂದು ವ್ಯವಸ್ಥೆ ಅಪ್‌ಡೇಟ್ ಸ್ಕ್ರಿಪ್ಟನ್ನು (ಆಜ್ಞೆಗಳನ್ನು ಬರೆದಿಟ್ಟ ಕಡತವನ್ನು) ಎಬ್ಬಿಸಬೇಕು. ಸ್ಕ್ರಿಪ್ಟ್ ಹೊಸ ಆವೃತ್ತಿ ಇದೆಯೇ ಎಂದು ಕೇಳಿ ಕಡತಗಳನ್ನು ಇಳಿಸಬೇಕು. ಇಳಿದದ್ದು ಡಿಸ್ಕಿನಲ್ಲಿ ತನ್ನ ಜಾಗಕ್ಕೆ ಸೇರಬೇಕು. ಕೊನೆಗೆ ಓಡುತ್ತಿರುವ ಸರ್ವರ್ ನಿಂತು ಹೊಸ ಕಡತಗಳಿಂದ ಮತ್ತೆ ಏಳಬೇಕು. ಯಾವ ಕೊಂಡಿ ಕಳಚಿದೆ ಎಂದು ತಿಳಿಯದೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವವರು ಹಲವರು. ಅದರಿಂದ ಎರಡನೆಯ ಮತ್ತು ಮೂರನೆಯ ಕೊಂಡಿಗಳ ದೋಷ ಹೋಗಬಹುದೇ ಹೊರತು ಮೊದಲ ಮತ್ತು ಕೊನೆಯ ಕೊಂಡಿಗಳ ದೋಷ ಹಾಗೆಯೇ ಉಳಿಯುತ್ತದೆ. ನಮ್ಮ ಕಡೆ ಕೈಕೊಡುವುದು ಹೆಚ್ಚಾಗಿ ಮೊದಲ ಕೊಂಡಿಯೇ ಎಂಬುದು ನನ್ನ ಅನುಭವ.

ಏನನ್ನೂ ಮುಟ್ಟುವ ಮೊದಲು

ಆಟದ ಪ್ರಪಂಚದ ಪ್ರತಿಯನ್ನು ಬೇರೆ ಡಿಸ್ಕಿಗೋ ಪೆನ್‌ಡ್ರೈವಿಗೋ ತೆಗೆದಿಟ್ಟುಕೊಳ್ಳಿ. ವಾಲ್‌ಹೈಮ್‌ನಲ್ಲಿ ಒಂದು ಪ್ರಪಂಚವೆಂದರೆ ಡಿಬಿ ಮತ್ತು ಎಫ್‌ಡಬ್ಲ್ಯುಎಲ್ ಎಂಬ ಎರಡು ಕಡತಗಳ ಜೋಡಿ; ಒಂದನ್ನೇ ತೆಗೆದಿಟ್ಟರೆ ಸಾಲದು. ಸರ್ವರನ್ನು ಮೊದಲು ನಿಲ್ಲಿಸಿ, ಪ್ರಪಂಚ ಉಳಿಯಿತೆಂಬ ಸಾಲು ಲಾಗ್‌ನಲ್ಲಿ (ಸರ್ವರ್ ತನ್ನ ಕೆಲಸವನ್ನು ದಾಖಲಿಸುವ ಕಡತದಲ್ಲಿ) ಬಂದ ನಂತರವೇ ನಕಲು ಮಾಡಬೇಕು. ಹೊಸ ಆವೃತ್ತಿಯಲ್ಲಿ ಪ್ರಪಂಚದ ಕಡತದ ರೂಪ ಬದಲಾಗಿದ್ದರೆ, ಒಮ್ಮೆ ಅದು ಹೊಸ ರೂಪದಲ್ಲಿ ಉಳಿದ ಮೇಲೆ ಹಳೆಯ ಆವೃತ್ತಿಗೆ ತೆರೆಯಲು ಬರುವುದಿಲ್ಲ. ಹಿಂದಕ್ಕೆ ಹೋಗುವ ದಾರಿ ಈ ಪ್ರತಿಯೊಂದೇ. ಇದೇ ಆಟದ ಪರೀಕ್ಷಾ ಕವಲಿಗೆ, ಅಂದರೆ ಬಿಡುಗಡೆಗೆ ಮೊದಲಿನ ಪರೀಕ್ಷಾ ಆವೃತ್ತಿಗೆ, ಹೋಗಲು ತಯಾರಕರು ಇಟ್ಟಿರುವ ಗುಪ್ತಪದದ ಅರ್ಥವೇ ‘ಹೌದು, ಬ್ಯಾಕಪ್ ಮಾಡಿದ್ದೇನೆ’ ಎಂದು. ತಮಾಷೆಯಂತೆ ಕಂಡರೂ ಅದನ್ನು ಅವರು ಸುಮ್ಮನೆ ಇಟ್ಟಿಲ್ಲ.

ಲಕ್ಷಣ: ಆಟಗಾರರಿಗೆ ‘ಆವೃತ್ತಿ ಹೊಂದುವುದಿಲ್ಲ’ ಎಂಬ ಸಂದೇಶ ಬರುತ್ತದೆ

ಹಳೆಯದಾಗಿ ಉಳಿದಿರುವುದು ಸರ್ವರೋ ಆಟಗಾರನೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಒಬ್ಬನಿಗೆ ಮಾತ್ರ ಈ ಸಂದೇಶ ಬಂದು ಉಳಿದವರು ಆಡುತ್ತಿದ್ದರೆ ದೋಷ ಅವನ ಕಂಪ್ಯೂಟರಿನದು. ಸ್ಟೀಮ್ ಅನ್ನು ಪೂರ್ತಿ ಮುಚ್ಚಿ ತೆರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎಲ್ಲರಿಗೂ ಬರುತ್ತಿದ್ದರೆ ಸರ್ವರ್ ಕಡೆಗೆ ತಿರುಗಿ.

ವಾಲ್‌ಹೈಮ್ ಸರ್ವರ್ ಏಳುವಾಗ ತನ್ನ ಆವೃತ್ತಿಯನ್ನು ಲಾಗ್‌ನಲ್ಲಿ ಬರೆಯುತ್ತದೆ, ಆಟದ ಮೊದಲ ಪರದೆಯಲ್ಲಿಯೂ ಆವೃತ್ತಿ ಕಾಣುತ್ತದೆ. ಎರಡನ್ನೂ ಹೋಲಿಸಿ ನೋಡಿ. ಅನಂತರ ಡಿಸ್ಕಿನಲ್ಲಿ ಏನಿದೆ ಎಂದು ನೋಡಬೇಕು: ಸರ್ವರ್ ಇರುವ ಜಾಗದ ‘ಸ್ಟೀಮ್‌ಆಪ್ಸ್’ ಫೋಲ್ಡರಿನಲ್ಲಿ 896660 ಎಂಬ ಸಂಖ್ಯೆಯುಳ್ಳ ಆಪ್‌ಮ್ಯಾನಿಫೆಸ್ಟ್ ಕಡತವಿದ್ದು, ಅದರೊಳಗೆ ಇಳಿದಿರುವ ಆವೃತ್ತಿಯನ್ನು ಗುರುತಿಸುವ ಬಿಲ್ಡ್ ಐಡಿ ಇರುತ್ತದೆ. ಡಿಸ್ಕಿನಲ್ಲಿ ಹೊಸದಿದ್ದು ಲಾಗ್‌ನಲ್ಲಿ ಹಳೆಯದೇ ಕಾಣುತ್ತಿದ್ದರೆ ಅಪ್‌ಡೇಟ್ ಯಶಸ್ವಿಯಾಗಿದೆ, ಸರ್ವರ್ ಮರುಆರಂಭವಾಗಿಲ್ಲ ಎಂದರ್ಥ. ಲಿನಕ್ಸ್‌ನಲ್ಲಿ ಇದು ಸದ್ದಿಲ್ಲದೆ ನಡೆದುಹೋಗುತ್ತದೆ, ಏಕೆಂದರೆ ಓಡುತ್ತಿರುವ ಕಾರ್ಯಕ್ರಮದ ಕಡತವನ್ನು ಬದಲಿಸಲು ಅದು ಬಿಡುತ್ತದೆ ಮತ್ತು ಹಳೆಯ ಕಾರ್ಯಕ್ರಮ ಮೆಮೊರಿಯಲ್ಲಿ ಹಾಗೆಯೇ ಓಡುತ್ತಿರುತ್ತದೆ. ವಿಂಡೋಸ್ ಹಾಗಲ್ಲ, ಬಳಕೆಯಲ್ಲಿರುವ ಕಡತಕ್ಕೆ ಬೀಗ ಹಾಕಿ ಅಪ್‌ಡೇಟನ್ನೇ ವಿಫಲಗೊಳಿಸುತ್ತದೆ. ಎರಡಕ್ಕೂ ಪರಿಹಾರ ಒಂದೇ: ನಿಲ್ಲಿಸಿ, ಅಪ್‌ಡೇಟ್ ಮಾಡಿ, ಆಮೇಲೆ ಎಬ್ಬಿಸುವಂತೆ ಸ್ಕ್ರಿಪ್ಟನ್ನು ತಿದ್ದುವುದು.

ಡಿಸ್ಕ್ ಮತ್ತು ಲಾಗ್ ಎರಡರಲ್ಲೂ ಹಳೆಯದೇ ಇದ್ದರೆ ಮುಂದಿನ ಭಾಗಕ್ಕೆ ಹೋಗಿ. ಇವು ಹೊಂದಿದ್ದೂ ಆಟಗಾರರಿಗೆ ಸಂದೇಶ ಬರುತ್ತಿದ್ದರೆ, ಹಿಂದೆ ಎಂದೋ ಪರೀಕ್ಷಾ ಕವಲಿಗೆ ಹೋದವರು ಸರ್ವರನ್ನು ಅಲ್ಲಿಯೇ ಬಿಟ್ಟಿದ್ದಾರೆಯೇ ಎಂದು ನೋಡಿ.

ಲಕ್ಷಣ: ಕೈಯಾರೆ ನಡೆಸಿದರೆ ಆಗುತ್ತದೆ, ತಾನಾಗಿ ಆಗುವುದಿಲ್ಲ

ಅತಿ ಹೆಚ್ಚು ಕಾಣುವ ಲಕ್ಷಣ ಇದು. ಸ್ಟೀಮ್, ಇಂಟರ್‌ನೆಟ್, ಡಿಸ್ಕ್ ಮೂರೂ ಸರಿಯಿವೆ ಎಂದು ಇದೇ ಹೇಳುತ್ತದೆಯಾದ್ದರಿಂದ ಅವುಗಳನ್ನು ಕೆದಕಬೇಡಿ. ಸ್ಕ್ರಿಪ್ಟನ್ನು ಎಬ್ಬಿಸುವ ವ್ಯವಸ್ಥೆಯಲ್ಲಿ ದೋಷವಿದೆ.

ಖರ್ಚಿಲ್ಲದ ಪರೀಕ್ಷೆ ಗಡಿಯಾರದ್ದು. ಬಾಡಿಗೆಯ ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತವೆ. ಬೆಳಗಿನ ಜಾವ 4 ಗಂಟೆ ಎಂದು ನೀವು ಬರೆದದ್ದು ಅಲ್ಲಿ ನಮ್ಮ ಬೆಳಗಿನ 9:30 ಆಗುತ್ತದೆ. ನಮ್ಮ 4 ಗಂಟೆಗೆ ನಡೆಯಬೇಕಾದರೆ ಹಿಂದಿನ ರಾತ್ರಿಯ 22:30 ಎಂದು ಬರೆಯಬೇಕು, ಇಲ್ಲವೇ ಯಂತ್ರದ ಕಾಲವಲಯವನ್ನು ಏಷ್ಯಾ/ಕೋಲ್ಕತ್ತಾ ಎಂದು ಬದಲಿಸಿ, ನಿಗದಿತ ಹೊತ್ತಿಗೆ ಕೆಲಸಗಳನ್ನು ಓಡಿಸುವ ಕ್ರಾನ್ ಸೇವೆಯನ್ನು ಮರುಆರಂಭಿಸಬೇಕು. ಇನ್ನೊಂದು ಸಂಗತಿಯೂ ಇದೆ. ಸ್ಟೀಮ್ ತನ್ನ ವಾರದ ನಿರ್ವಹಣೆಯನ್ನು ಅಮೆರಿಕದ ಪಶ್ಚಿಮ ಕರಾವಳಿಯ ಮಂಗಳವಾರ ಮಧ್ಯಾಹ್ನದ ನಂತರ ಇಟ್ಟುಕೊಳ್ಳುತ್ತದೆ, ನಮಗದು ಬುಧವಾರದ ನಸುಕು. ಬುಧವಾರ ಮಾತ್ರ ಅಪ್‌ಡೇಟ್ ವಿಫಲವಾಗಿ ಉಳಿದ ದಿನ ಸರಿಯಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ಹೊತ್ತನ್ನು ಬೆಳಿಗ್ಗೆ 8ರ ಆಚೆಗೆ ತಳ್ಳಿದರೆ ಸಾಕು.

ಎರಡನೆಯದು ದಾರಿಯ ಪ್ರಶ್ನೆ. ಉಬುಂಟು, ಡೆಬಿಯನ್‌ಗಳ ಪ್ಯಾಕೇಜಿನಿಂದ ಹಾಕಿದ ಸ್ಟೀಮ್‌ಸಿಎಂಡಿ ‘ಯುಎಸ್‌ಆರ್/ಗೇಮ್ಸ್’ ಫೋಲ್ಡರಿನಲ್ಲಿ ಕೂರುತ್ತದೆ. ನೀವು ಟರ್ಮಿನಲ್‌ನಲ್ಲಿ ಕುಳಿತಾಗ ಆ ಫೋಲ್ಡರ್ ಹುಡುಕುವ ಪಟ್ಟಿಯಲ್ಲಿರುತ್ತದೆ. ಕ್ರಾನ್ ಇಟ್ಟುಕೊಳ್ಳುವ ಚಿಕ್ಕ ಪಟ್ಟಿಯಲ್ಲಿ ಅದು ಇರುವುದಿಲ್ಲ. ಹೀಗಾಗಿ ಹಗಲು ನಿಮ್ಮ ಕೈಯಲ್ಲಿ ಓಡಿದ ಸ್ಕ್ರಿಪ್ಟ್ ರಾತ್ರಿ ‘ಅಂಥ ಆಜ್ಞೆಯೇ ಇಲ್ಲ’ ಎಂದು ಹೇಳಿ ಸುಮ್ಮನಾಗುತ್ತದೆ. ಸ್ಕ್ರಿಪ್ಟಿನೊಳಗೆ ಪ್ರತಿಯೊಂದರ ಪೂರ್ಣ ದಾರಿಯನ್ನು ಬರೆಯಿರಿ. ಕ್ರಾನ್ ಸಾಲಿನಲ್ಲಿಯೇ ದಿನಾಂಕದ ಹೆಸರಿನ ಬ್ಯಾಕಪ್ ಮಾಡುವವರು ಶೇಕಡಾ ಚಿಹ್ನೆಯ ಮುಂದೆ ಹಿಂಗೆರೆ (\) ಹಾಕಬೇಕು. ಹಾಕದಿದ್ದರೆ ಕ್ರಾನ್ ಆ ಚಿಹ್ನೆಯನ್ನು ಹೊಸ ಸಾಲೆಂದು ತಿಳಿದು ಆಜ್ಞೆಯನ್ನು ಅಲ್ಲಿಗೇ ತುಂಡರಿಸುತ್ತದೆ.

ಮೂರನೆಯದು ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಹೇಳಬೇಕಾಗಿಯೇ ಇಲ್ಲ. ನಿಗದಿತ ಹೊತ್ತಿಗೆ ಕರೆಂಟ್ ಇಲ್ಲದೆ ಯಂತ್ರ ಮಲಗಿದ್ದರೆ ಕ್ರಾನ್ ಆ ಸರದಿಯನ್ನು ಮರೆತುಬಿಡುತ್ತದೆ, ಮುಂದಿನ ದಿನದವರೆಗೆ ನೆನಪಿಸಿಕೊಳ್ಳುವುದಿಲ್ಲ. ಒಂದು ಜುಲೈನಲ್ಲಿ ನನ್ನ ಸರ್ವರ್ ಸತತವಾಗಿ ಒಂಬತ್ತು ದಿನ ಹಳೆಯ ಆವೃತ್ತಿಯಲ್ಲಿಯೇ ಇತ್ತು. ಸ್ಟೀಮ್‌ಸಿಎಂಡಿಯನ್ನು ಎರಡು ಸಲ ಅಳಿಸಿ ಹಾಕಿದ ಮೇಲೆ ಲಾಗ್‌ನ ಹೊತ್ತುಗಳನ್ನು ಓದಿದೆ. ಅಷ್ಟೂ ದಿನ ಬೆಳಗಿನ ಜಾವ ನಮ್ಮ ಬೀದಿಗೆ ವಿದ್ಯುತ್ತೇ ಇರಲಿಲ್ಲ. ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಟೈಮರ್ ಬಳಸಿ ಅದರಲ್ಲಿ ‘ಪರ್ಸಿಸ್ಟೆಂಟ್’ ಆಯ್ಕೆಯನ್ನು ‘ಟ್ರೂ’ ಮಾಡಿದರೆ, ತಪ್ಪಿದ ಸರದಿಯನ್ನು ಯಂತ್ರ ಎದ್ದ ಕೂಡಲೇ ಅದು ಪೂರೈಸುತ್ತದೆ.

ಆದರೆ ಅಲ್ಲಿಯೂ ಒಂದು ಎಡವು ಇದೆ. ಕರೆಂಟ್ ಬಂದಾಗ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದರೆ, ಫೈಬರ್ ಮೋಡೆಮ್ ಸಂಪರ್ಕ ಹಿಡಿಯಲು ಅದಕ್ಕಿಂತ ಹೆಚ್ಚು ಸಮಯ ಬೇಕು. ತಪ್ಪಿದ ಸರದಿ ಇಂಟರ್‌ನೆಟ್ ಬರುವ ಮೊದಲೇ ಓಡಿ ಮತ್ತೆ ತಪ್ಪುತ್ತದೆ. ‘ನೆಟ್‌ವರ್ಕ್ ಆನ್‌ಲೈನ್’ ಆದ ನಂತರವೇ ಓಡಬೇಕೆಂದು ಹೇಳಿದರೂ ಮನೆಯ ರೌಟರ್ ಎದ್ದಿದೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ, ಬೀದಿಯಾಚೆಯ ಸಂಪರ್ಕ ತಿಳಿಯುವುದಿಲ್ಲ. ಆದ್ದರಿಂದ ಸ್ಕ್ರಿಪ್ಟಿನ ಮೊದಲಲ್ಲಿ ಹೊರಗಿನ ಒಂದು ವಿಳಾಸ ಸಿಗುವವರೆಗೆ ಹತ್ತು ನಿಮಿಷ ಕಾಯುವ ಒಂದು ಸುತ್ತನ್ನು ನಾನು ಸೇರಿಸಿದೆ. ಮೋಡೆಮನ್ನೂ ಇನ್ವರ್ಟರ್ ಸಾಲಿಗೆ ಹಾಕಿಸುವುದು ಒಳ್ಳೆಯದು, ಆದರೆ ಆ ವೈರಿಂಗ್ ಎಲೆಕ್ಟ್ರಿಷಿಯನ್ನರ ಕೆಲಸ.

ವಿಂಡೋಸ್ ಲ್ಯಾಪ್‌ಟಾಪನ್ನು ಸರ್ವರ್ ಮಾಡಿಕೊಂಡವರು ಟಾಸ್ಕ್ ಶೆಡ್ಯೂಲರ್‌ನ ಎರಡು ಆಯ್ಕೆಗಳನ್ನು ನೋಡಬೇಕು. ‘ವಿದ್ಯುತ್ ಸಂಪರ್ಕದಲ್ಲಿದ್ದಾಗ ಮಾತ್ರ ಆರಂಭಿಸು’ ಎಂಬುದು ಮೊದಲೇ ಗುರುತು ಹಾಕಿಕೊಂಡೇ ಬಂದಿರುತ್ತದೆ. ಬ್ಯಾಟರಿಯಲ್ಲಿ ಓಡುವಾಗ ಕೆಲಸ ನಡೆಯದಿರಲು ಕಾರಣ ಅದು. ತಪ್ಪಿದ ಸರದಿಯನ್ನು ಆದಷ್ಟು ಬೇಗ ನಡೆಸು ಎಂಬುದಕ್ಕೆ ಗುರುತು ಇರುವುದಿಲ್ಲ, ಅದನ್ನು ನಾವೇ ಹಾಕಬೇಕು.

ರಸ್ಟ್ ಆಟದ ಸರ್ವರ್ ನಡೆಸುವವರಿಗೆ ಒಂದು ಮಾತು. ಅದರ ಕಡ್ಡಾಯ ಮಾಸಿಕ ಅಪ್‌ಡೇಟ್ ಪ್ರತಿ ತಿಂಗಳ ಮೊದಲ ಗುರುವಾರ ಬ್ರಿಟನ್ನಿನ ಸಂಜೆ 7ಕ್ಕೆ ಬರುತ್ತದೆ. ನಮಗೆ ಅದು ಅವರ ಬೇಸಿಗೆಯಲ್ಲಿ ರಾತ್ರಿ 11:30, ಚಳಿಗಾಲದಲ್ಲಿ ಶುಕ್ರವಾರ ನಡುರಾತ್ರಿ ಕಳೆದು 12:30. ಬೆಳಗಿನ ಜಾವದ ಟೈಮರ್ ನೆಚ್ಚಿಕೊಂಡರೆ ಆ ರಾತ್ರಿಯ ಆಟ ಹೋದಂತೆಯೇ.

ಲಕ್ಷಣ: ಅಪ್‌ಡೇಟ್ ಆರಂಭವಾಗಿ ದೋಷಸಂದೇಶ ಕೊಟ್ಟು ನಿಲ್ಲುತ್ತದೆ

ಸಂದೇಶವನ್ನು ಪೂರ್ತಿ ಓದಿ. ‘ಸ್ಟೇಟ್ 0ಎಕ್ಸ್202’ ಎಂದರೆ ಡಿಸ್ಕಿನಲ್ಲಿ ಜಾಗವಿಲ್ಲ. ಸ್ಟೀಮ್ ಹೊಸ ಕಡತಗಳನ್ನು ಮೊದಲು ‘ಡೌನ್‌ಲೋಡಿಂಗ್’ ಫೋಲ್ಡರಿನಲ್ಲಿ ಕಟ್ಟಿ ಆಮೇಲೆ ಸ್ಥಳಾಂತರಿಸುವುದರಿಂದ, ಅಪ್‌ಡೇಟಿನ ಗಾತ್ರಕ್ಕಿಂತ ಹೆಚ್ಚು ಜಾಗ ಬೇಕಾಗುತ್ತದೆ. ಜಾಗ ತಿನ್ನುವುದು ಸಾಮಾನ್ಯವಾಗಿ ಆಟವಲ್ಲ. ಅಳಿಸುವುದನ್ನು ಮರೆತ ನಿಮ್ಮದೇ ಬ್ಯಾಕಪ್‌ಗಳು ಮತ್ತು ಬೆಳೆಯುತ್ತಲೇ ಹೋಗುವ ಲಾಗ್‌ಗಳನ್ನು ಮೊದಲು ನೋಡಿ.

‘0ಎಕ್ಸ್402’ ಬಂದರೆ ಸ್ಟೀಮ್‌ನ ಕಡತ ಪೂರೈಸುವ ಸರ್ವರ್‌ಗಳು ಸಿಗುತ್ತಿಲ್ಲ. ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅದೇ ಆಜ್ಞೆ ಓಡಿದರೆ ತೊಡಕು ಮನೆಯ ಸಂಪರ್ಕದ್ದು ಅಥವಾ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್‌ನದು. ಹಾಗೆ ಪರೀಕ್ಷಿಸುವಾಗ ದಿನದ ಡೇಟಾ ಮಿತಿಯ ಮೇಲೆ ಕಣ್ಣಿರಲಿ, ಒಂದು ಆಟದ ಸರ್ವರ್ ಅದನ್ನು ಒಂದೇ ಗುಟುಕಿಗೆ ಮುಗಿಸಬಲ್ಲದು.

‘ಡಿಸ್ಕ್ ರೈಟ್ ಫೇಲ್ಯೂರ್’ ಎಂದು ಕಂಡ ಕೂಡಲೇ ಡಿಸ್ಕ್ ಹೋಯಿತೆಂದು ಹೆದರಬೇಕಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಯಾರೋ ಒಮ್ಮೆ ಪೂರ್ಣ ಅಧಿಕಾರ ಕೊಡುವ ‘ಸೂಡೊ’ ಸೇರಿಸಿ ಅಪ್‌ಡೇಟ್ ನಡೆಸಿರುತ್ತಾರೆ. ಆಗ ಇಳಿದ ಕಡತಗಳ ಒಡೆತನ ರೂಟ್ ಎಂಬ ಮುಖ್ಯ ಬಳಕೆದಾರನಿಗೆ ಹೋಗಿರುತ್ತದೆ, ಮರುದಿನ ಸಾಮಾನ್ಯ ಬಳಕೆದಾರನಾಗಿ ಓಡುವ ಸ್ಕ್ರಿಪ್ಟಿಗೆ ಅವುಗಳನ್ನು ಮುಟ್ಟಲಾಗುವುದಿಲ್ಲ. ಫೋಲ್ಡರಿನ ಒಡೆತನವನ್ನು ಸರ್ವರ್ ನಡೆಸುವ ಬಳಕೆದಾರನಿಗೆ ‘ಚೋನ್’ ಆಜ್ಞೆಯಿಂದ ಮರಳಿಸಿ. ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಎಂಬ ಸುಲಭದ ದಾರಿ ಬೇಡ. ಇಂಟರ್‌ನೆಟ್‌ಗೆ ತೆರೆದುಕೊಂಡ ಯಂತ್ರದಲ್ಲಿ ಅದು ಬೀಗ ತೆಗೆದು ಕೀಲಿ ಕೈಯನ್ನೂ ಹೊರಗೆ ತೂಗುಹಾಕಿದಂತೆ.

‘ನೋ ಸಬ್‌ಸ್ಕ್ರಿಪ್ಷನ್’ ಎಂಬುದು ಬಂದಾಗ ಸಂಖ್ಯೆಯನ್ನು ಪರೀಕ್ಷಿಸಿ. ವಾಲ್‌ಹೈಮ್ ಆಟದ ಸಂಖ್ಯೆ 892970, ಅದರ ಸರ್ವರಿನ ಸಂಖ್ಯೆ 896660. ಮೊದಲನೆಯದನ್ನು ಹಾಕಿದರೆ ಆಟ ಕೊಂಡ ಖಾತೆ ಬೇಕೆನ್ನುತ್ತದೆ, ಎರಡನೆಯದಕ್ಕೆ ‘ಅನಾನಿಮಸ್’ ಲಾಗಿನ್ ಸಾಕು. ಸಂಖ್ಯೆ ತಪ್ಪಿದ್ದನ್ನು ಗಮನಿಸದೆ ತಮ್ಮ ಸ್ಟೀಮ್ ಖಾತೆಯ ಗುಪ್ತಪದವನ್ನೇ ಸ್ಕ್ರಿಪ್ಟಿನಲ್ಲಿ ಬರೆದಿಟ್ಟವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಹೊಸ ಫೋಲ್ಡರಿನಲ್ಲಿ ಎಲ್ಲವೂ ಇಳಿದು ಹಳೆಯ ಫೋಲ್ಡರ್ ಹಾಗೆಯೇ ಉಳಿದಿದ್ದರೆ ಆಜ್ಞೆಗಳ ಅನುಕ್ರಮ ನೋಡಿ: ಸ್ಥಾಪನೆಯ ಜಾಗ ಹೇಳುವ ‘ಫೋರ್ಸ್ ಇನ್‌ಸ್ಟಾಲ್ ಡಿರ್’ ಲಾಗಿನ್‌ಗಿಂತ ಮೊದಲು ಬರಬೇಕು. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಅದು ನಂತರ ಇರುವುದುಂಟು. ಇನ್ನು, ಕಡತ ಕಣ್ಣೆದುರಿಗೇ ಇದ್ದರೂ ‘ಅಂಥ ಕಡತವಿಲ್ಲ’ ಎಂದು ಸ್ಟೀಮ್‌ಸಿಎಂಡಿ ಏಳಲು ನಿರಾಕರಿಸಿದರೆ, 32 ಬಿಟ್‌ನ ಪೂರಕ ಲೈಬ್ರರಿಗಳು ಯಂತ್ರದಲ್ಲಿಲ್ಲ. ಸ್ಟೀಮ್‌ಸಿಎಂಡಿ ಇರುವುದು 32 ಬಿಟ್‌ನಲ್ಲಿ. ಅವನ್ನು ಹಾಕಿದರೆ ಸರಿಯಾಗುತ್ತದೆ.

ಲಕ್ಷಣ: ಅಪ್‌ಡೇಟಿನ ದಿನ ಸರ್ವರ್ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ

ಹೊತ್ತನ್ನು ಅಳೆಯಿರಿ. ಸುಮಾರು 90 ಸೆಕೆಂಡುಗಳಿಗೊಮ್ಮೆ ಬೀಳುತ್ತಿದ್ದರೆ ಕಾರಣ ಬಹುತೇಕ ಖಚಿತ: ಸರ್ವರ್ ಏಳುವ ಮೊದಲಿನ ಹೆಜ್ಜೆಯಾಗಿ ಅಪ್‌ಡೇಟನ್ನು, ಸರ್ವರ್ ನಡೆಸಲು ಸಿಸ್ಟಂಡಿಗೆ ಬರೆದ ಅದೇ ಸೇವಾ ಕಡತದಲ್ಲಿ ಇಟ್ಟಿದ್ದೀರಿ. ಸಿಸ್ಟಂಡಿ ಒಂದು ಸೇವೆ ಏಳಲು ಸಾಮಾನ್ಯವಾಗಿ ಕೊಡುವ ಗಡುವು 90 ಸೆಕೆಂಡು. ಚಿಕ್ಕ ಅಪ್‌ಡೇಟ್ ಅಷ್ಟರಲ್ಲಿ ಮುಗಿಯುತ್ತದೆ. ದೊಡ್ಡದು ಬಂದ ದಿನ ಡೌನ್‌ಲೋಡ್ ನಡುವೆಯೇ ಅದನ್ನು ಕೊಂದು ಮತ್ತೆ ಆರಂಭಿಸುತ್ತದೆ. ವಾರಗಟ್ಟಲೆ ಸರಿಯಿದ್ದು ದೊಡ್ಡ ಅಪ್‌ಡೇಟಿಗೆ ಮಾತ್ರ ಕೆಡುವುದು ಇದರ ಗುರುತು. ಅಪ್‌ಡೇಟಿಗೆ ‘ಒನ್‌ಶಾಟ್’ ಬಗೆಯ ಪ್ರತ್ಯೇಕ ಸೇವೆ ಮಾಡಿ, ಅದಕ್ಕೆ ಆ ಗಡುವು ಅನ್ವಯಿಸುವುದಿಲ್ಲ.

ಏಳೆಂಟು ಸೆಕೆಂಡಿನಲ್ಲೇ ಬೀಳುತ್ತಿದ್ದರೆ ಮಾಡ್‌ಗಳನ್ನು (ಆಟಕ್ಕೆ ಬೇರೆಯವರು ಮಾಡಿದ ಸೇರ್ಪಡೆಗಳನ್ನು) ಶಂಕಿಸಿ. ಬೆಪ್‌ಇನ್‌ಎಕ್ಸ್ ಎಂಬ ಚೌಕಟ್ಟಿನ ಮೇಲೆ ನಿಂತ ಮಾಡ್‌ಗಳು ಆಟದ ಒಳಗಿನ ರಚನೆ ಬದಲಾದಾಗ ಒಡೆಯುತ್ತವೆ. ರಸ್ಟ್‌ನಲ್ಲಿ ಅಂಥದೇ ಚೌಕಟ್ಟಾದ ಆಕ್ಸೈಡ್ ಆಟದ ಕಡತಗಳನ್ನೇ ಬದಲಿಸುವುದರಿಂದ ಪ್ರತಿ ಅಪ್‌ಡೇಟಿನ ನಂತರ ಅದನ್ನು ಮತ್ತೆ ಹಾಕಬೇಕು. ಪ್ಲಗಿನ್ ಫೋಲ್ಡರಿನ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಿ ಎಬ್ಬಿಸಿ ನೋಡಿ. ಎದ್ದರೆ ಮಾಡ್ ತಯಾರಕರ ಹೊಸ ಆವೃತ್ತಿಗೆ ಕಾಯುವುದೊಂದೇ ಉಪಾಯ. ಆದರೆ ಮಾಡ್‌ಗಳಿಂದ ಕಟ್ಟಿದ ವಸ್ತುಗಳಿರುವ ನಿಜವಾದ ಪ್ರಪಂಚವನ್ನು ಮಾಡ್ ಇಲ್ಲದೆ ತೆರೆದರೆ ಆ ವಸ್ತುಗಳು ಅಳಿಸಿಹೋಗಬಹುದು. ಪರೀಕ್ಷೆಗೆ ಬೇರೊಂದು ಖಾಲಿ ಪ್ರಪಂಚ ಬಳಸಿ.

ಲಕ್ಷಣ: ಅಪ್‌ಡೇಟ್ ಆಯಿತು, ಆದರೆ ಸರ್ವರ್ ಹೆಸರು ಬದಲಾಗಿದೆ ಅಥವಾ ಪ್ರಪಂಚ ಖಾಲಿಯಾಗಿದೆ

ಹೆಸರು, ಗುಪ್ತಪದಗಳು ಮೂಲಸ್ಥಿತಿಗೆ ಮರಳಿದ್ದರೆ, ಆಟದೊಂದಿಗೇ ಬರುವ ‘ಸ್ಟಾರ್ಟ್ ಸರ್ವರ್’ ಸ್ಕ್ರಿಪ್ಟಿನಲ್ಲಿ ನೀವು ಅವುಗಳನ್ನು ಬರೆದಿದ್ದಿರಿ ಎಂದರ್ಥ. ಅಪ್‌ಡೇಟ್, ಅದರಲ್ಲೂ ಕಡತಗಳನ್ನೆಲ್ಲ ಮೂಲದೊಂದಿಗೆ ಹೋಲಿಸುವ ‘ವ್ಯಾಲಿಡೇಟ್’ ಸೇರಿಸಿದ ಅಪ್‌ಡೇಟ್, ಬದಲಾದ ಮೂಲ ಕಡತಗಳನ್ನು ತನ್ನ ಪ್ರತಿಯಿಂದ ಮುಚ್ಚಿಬಿಡುತ್ತದೆ. ನಾವೇ ಸೇರಿಸಿದ ಬೇರೆ ಹೆಸರಿನ ಕಡತಗಳನ್ನು ಮುಟ್ಟುವುದಿಲ್ಲ. ಆ ಸ್ಕ್ರಿಪ್ಟಿಗೆ ಬೇರೆ ಹೆಸರಿನ ನಕಲು ಮಾಡಿ ಅದನ್ನೇ ಬಳಸಿ.

ಪ್ರಪಂಚ ಹೊಸದಾಗಿ ಹುಟ್ಟಿದಂತೆ ಕಂಡರೆ ತಕ್ಷಣ ಸರ್ವರನ್ನು ನಿಲ್ಲಿಸಿ, ಏನನ್ನೂ ಅಳಿಸಬೇಡಿ. ವಾಲ್‌ಹೈಮ್ ಪ್ರಪಂಚವನ್ನು ಉಳಿಸುವುದು ಸರ್ವರ್ ನಡೆಸುವ ಬಳಕೆದಾರನ ಸ್ವಂತ ಫೋಲ್ಡರಿನಲ್ಲಿ. ಬೇರೆ ಬಳಕೆದಾರನಾಗಿ, ಉದಾಹರಣೆಗೆ ರೂಟ್ ಆಗಿ, ಅದು ಎದ್ದರೆ ಅಲ್ಲಿ ಹಳೆಯ ಪ್ರಪಂಚ ಕಾಣದೆ ಅದೇ ಹೆಸರಿನಲ್ಲಿ ಹೊಸದನ್ನು ಹುಟ್ಟಿಸುತ್ತದೆ. ಹಳೆಯದು ತನ್ನ ಜಾಗದಲ್ಲಿ ಸುರಕ್ಷಿತವಾಗಿರುತ್ತದೆ. ನಮ್ಮ ಗುಂಪಿನಲ್ಲಿ ಒಮ್ಮೆ ಹೀಗಾಗಿ, ಮೂರು ತಿಂಗಳು ಕಟ್ಟಿದ ಕೋಟೆ ಹೋಯಿತೆಂದು ಬೇಲೂರಿನ ಗೆಳೆಯ ಎರಡು ದಿನ ಮಾತುಬಿಟ್ಟಿದ್ದ.

ನಿಲ್ಲಿಸುವ ರೀತಿಯೂ ಮುಖ್ಯ. ವಾಲ್‌ಹೈಮ್ ಪ್ರಪಂಚವನ್ನು ಉಳಿಸಿ ನಿಲ್ಲುವುದು ಕಂಟ್ರೋಲ್-ಸಿ ಒತ್ತಿದಾಗ ಹೋಗುವ ‘ಸಿಗ್‌ಇಂಟ್’ ಸೂಚನೆಗೆ. ಅದರ ಸ್ವಯಂ ಉಳಿಕೆ 1800 ಸೆಕೆಂಡಿಗೊಮ್ಮೆ ಮಾತ್ರ. ಅಪ್‌ಡೇಟ್ ಸ್ಕ್ರಿಪ್ಟ್ ಸರ್ವರನ್ನು ಬಲವಂತವಾಗಿ ಕೊಂದರೆ ಅರ್ಧ ಗಂಟೆಯವರೆಗಿನ ಆಟ ಹೋಗಬಹುದು. ಸೇವಾ ಕಡತದಲ್ಲಿ ‘ಕಿಲ್ ಸಿಗ್ನಲ್’ ಯಾವುದಿದೆ ಎಂದು ನೋಡಿಕೊಳ್ಳಿ.

ಲಕ್ಷಣ: ಕರೆಂಟ್ ಹೋಗಿ ಬಂದ ಮೇಲೆ ಯಾವ ಅಪ್‌ಡೇಟೂ ಆಗುತ್ತಿಲ್ಲ

ಯಂತ್ರದ ದಿನಾಂಕ ನೋಡಿ. ವರ್ಷಗಳ ಹಿಂದಿನದು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿದೆ. ದಿನಾಂಕ ತಪ್ಪಿದಾಗ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳು ಅಮಾನ್ಯವಾಗಿ ಕಾಣುತ್ತವೆ, ಟೈಮರ್‌ಗಳೂ ದಾರಿ ತಪ್ಪುತ್ತವೆ. ಇದು 3 ವೋಲ್ಟಿನ ಅಗ್ಗದ ಬ್ಯಾಟರಿ. ಬದಲಿಸುವ ಮೊದಲು ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಕೂಡದು, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ತೆಗೆದ ಬ್ಯಾಟರಿ ಮಕ್ಕಳ ಕೈಗೆ ಸಿಗದಿರಲಿ. ನುಂಗಿದರೆ ಅನ್ನನಾಳವನ್ನು ಸುಡುತ್ತದೆ, ಹಾಗಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಈ ಯಾವ ಕೆಲಸವೂ ಬೇಡ. ಸಿಡಿಲು ಶುರುವಾಗುವ ಮೊದಲೇ ಪ್ಲಗ್ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ. ಕಿತ್ತುಹೋದ ಫೈಬರಿನ ತುದಿಯನ್ನು ಕಣ್ಣೆದುರು ಹಿಡಿದು ನೋಡಬಾರದು, ಅದರೊಳಗಿನ ಬೆಳಕು ಕಾಣಿಸದಿದ್ದರೂ ಕಣ್ಣಿಗೆ ಹಾನಿ ಮಾಡಬಲ್ಲದು.

ದಿನಾಂಕ ಸರಿಯಿದ್ದು, ಯಾವ ಕಡತವನ್ನೂ ಬರೆಯಲಾಗದೆ ‘ರೀಡ್ ಓನ್ಲಿ’ ಎಂಬ ಮಾತು ಕಾಣುತ್ತಿದ್ದರೆ ಇಲ್ಲಿಗೆ ನಿಲ್ಲಿಸಿ. ಕಡತವ್ಯವಸ್ಥೆಯಲ್ಲಿ ದೋಷ ಕಂಡು ಉಬುಂಟು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಪ್ರಪಂಚದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡ ಮೇಲೆ, ‘ಸ್ಮಾರ್ಟ್‌ಸಿಟಿಎಲ್’ ಆಜ್ಞೆಯಿಂದ ಡಿಸ್ಕಿನ ಆರೋಗ್ಯ ನೋಡಿ. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಇನ್ನೊಂದು ‘ವ್ಯಾಲಿಡೇಟ್’ ಓಡಿಸಬೇಡಿ, ಅದು ಸಾಯುತ್ತಿರುವ ಡಿಸ್ಕಿನಿಂದ ಸರ್ವರಿನ ಎಲ್ಲ ಕಡತಗಳನ್ನೂ ಓದಿಸಿ ಅದನ್ನು ಬೇಗ ಮುಗಿಸಬಹುದು. ಪ್ರಪಂಚದ ಪ್ರತಿ ಇಲ್ಲದಿದ್ದು ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ಯಂತ್ರವನ್ನು ಆರಿಸಿ ದತ್ತಾಂಶ ಮರಳಿ ಪಡೆಯುವವರ ಬಳಿಗೆ ಒಯ್ಯಬೇಕು.

ಬೇರೆಯವರ ನೆರವು ಕೇಳುವಾಗ ‘ಅಪ್‌ಡೇಟ್ ಆಗ್ತಿಲ್ಲ’ ಎಂದಷ್ಟೇ ಹೇಳಿದರೆ ಅವರೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಸ್ಟೀಮ್ ಫೋಲ್ಡರಿನ ‘ಲಾಗ್ಸ್’ ಒಳಗಿರುವ ಕಂಟೆಂಟ್ ಲಾಗ್‌ನ ಕೊನೆಯ ಐವತ್ತು ಸಾಲು, ಬಿಲ್ಡ್ ಐಡಿ, ಯಂತ್ರದ ಸಮಯ, ಉಳಿದಿರುವ ಜಾಗ, ಓಡಿಸಿದ ಆಜ್ಞೆ ಇವಿಷ್ಟನ್ನು ಕೊಡಿ. ಕೊಡುವ ಮೊದಲು ಅದರಲ್ಲಿರುವ ಸರ್ವರ್ ಗುಪ್ತಪದವನ್ನೂ ಮನೆಯ ಐಪಿ ವಿಳಾಸವನ್ನೂ ಅಳಿಸಿ.